ಹನ್ನೆರಡನೆಯ ರೀಲು

ಮೊನ್ನೆ ಭಾನುವಾರ ತಂಗಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ದಾಂಡೇಲಿಯ ಟೂರಿಂಗ್ ಟಾಕೀಸಿನ ಡೇರೆ ನೆನಪಾಯಿತು. ಹರಿದ ಫಿಲ್ಮಿಗೆ ಹಚ್ಚುವ ಅಂಟಿಗೂ ಇದೇ ವಾಸನೆ. ಆಪರೇಟರ್ ಕಾಕಾನ ಬೆರಳುಗಳಿಗೂ...

ಆಗ ನಾನು ಕಾಗದದ ಕಾರ್ಖಾನೆಗೆ ಹೊಸದಾಗಿ ಸೇರಿದ್ದೆ. ಸಂಜೆ ಡೇರೆಯಲ್ಲಿ ರೀಲುಗಳ ಪಟ್ಟಿ ಬರೆಯುತ್ತಿದ್ದೆ. ಯಾವ ಚಿತ್ರಕ್ಕೆ ಎಷ್ಟು ಜನ, ಪಕ್ಕದ ಸಾಂಬ್ರಾಣಿ ಊರಿನಿಂದ ಎಷ್ಟು ಗಾಡಿ ಬಂದವು, ಫಿಲ್ಮು ಎಷ್ಟು ಸಲ ತುಂಡಾಯಿತು, ಎಲ್ಲವೂ ನನ್ನ ಡೈರಿಯಲ್ಲಿತ್ತು.

ಕರಾರು ಮುಗಿದ ಚಿತ್ರಗಳನ್ನು ಮತ್ತೆ ಯಾರೂ ತೋರಿಸಬಾರದೆಂದು ಹಂಚಿಕೆದಾರರ ಏಜೆಂಟನ ಕಣ್ಣೆದುರೇ ಕೊಡಲಿಯಿಂದ ಕಡಿಯುವುದು ಆಗಿನ ರೂಢಿ. ಆ ಸಲ ಏಳು ಚಿತ್ರಗಳ ಸರದಿ. ಹಿಂದಿನ ದಿನ ಕಾಕಾ ನನ್ನ ಡೈರಿ ಕೇಳಿದ. ಒಂದು ರೀಲನ್ನಾದರೂ ಉಳಿಸಬೇಕು, ಯಾವುದು ಹೇಳು ಎಂದ. ಹೆಚ್ಚು ಜನ ನೋಡಿದ ಚಿತ್ರವನ್ನು ತೋರಿಸಿದೆ.

"ಮಂದಿ ಎಷ್ಟು ಬಂದ್ರು ಅಂತ ಬರದಿ. ಸೀಟಿ ಹೊಡಿಯೂದು ಬಿಟ್ಟು ಎಲ್ಲಿ ಗಪ್ಪಾದ್ರು, ಅದನ್ನ ಎಲ್ಲಿ ಬರದೀಯೋ?"

"ಅದನ್ನ ಹೆಂಗ ಎಣಸೂದು ಕಾಕಾ?"

"ಹಂಗಾರ ನಾಳೆ ನಿನ್ನ ಮಕ್ಕಳಿಗೆ ಈ ಡೈರೀನ ತೋರಸು," ಎಂದು ನಕ್ಕ.

ಕೊನೆಗೆ ಅವನೇ ಆರಿಸಿದ. ಒಬ್ಬ ಕುಂಬಾರ್ತಿ ತಾನು ಮಾಡಿದ ಮಡಕೆಗಳನ್ನೆಲ್ಲ ತಾನೇ ಒಡೆದುಹಾಕುವ ಚಿತ್ರದ ಕೊನೆಯ ರೀಲು. ಎಲ್ಲಿ ಬಚ್ಚಿಟ್ಟ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಮರುದಿನ ಡೇರೆಯ ಹಿಂದೆ ಸಾಗವಾನಿ ದಿಮ್ಮಿ ಹಾಕಿದರು. ಕಾಡಿನಲ್ಲಿ ಮರ ಕಡಿಯುವ ಆಳು ಕೊಡಲಿ ಬೀಸಿದಂತೆಲ್ಲ ಫಿಲ್ಮು ಹಾವಿನ ಹಾಗೆ ಎಗರಿ ಬೀಳುತ್ತಿತ್ತು. ನಾನು ಒಂದೊಂದಕ್ಕೂ ಗೀಟು ಹಾಕುತ್ತಿದ್ದೆ.

"ಈ ಕುಂಬಾರ್ತಿದು ಹನ್ನೆರಡೂ ಮುಗದ್ವೇನ್ರಿ, ಲೆಕ್ಕದ ಮಾಸ್ತರ?" ಏಜೆಂಟ ಕೇಳಿದ.

ಪಟ್ಟಿಯಿಂದ ತಲೆ ಎತ್ತದೆ ಹೇಳಿಬಿಟ್ಟೆ. "ಹನ್ನೊಂದ್ರಿ. ಕೊನೀದೊಂದು ಬಂದಿಲ್ಲ."

ಹೇಳಿದ ಮೇಲೆ ಕಾಕಾನ ಮುಖ ನೋಡಿದೆ...

ಏಜೆಂಟನ ಕಡೆಯ ಇಬ್ಬರು ಡೇರೆಯೆಲ್ಲ ಹುಡುಕಿ ಕಾಕಾನ ಜೋಳದ ಹಿಟ್ಟಿನ ಡಬ್ಬಿಯಿಂದ ರೀಲನ್ನು ಎಳೆದು ತಂದರು. ಕಾಕಾ ಏಜೆಂಟನ ಕೊರಳಪಟ್ಟಿ ಹಿಡಿದ. ಆ ಇಬ್ಬರು ಕಾಕಾನನ್ನು ಕೆಡವಿ ಹೊಟ್ಟೆಗೆ ಒದ್ದರು. ರೀಲು ದಿಮ್ಮಿಯ ಮೇಲೆ ಬಿತ್ತು, ಕೊಡಲಿ ಮೇಲೆದ್ದಿತು. ಕಾಕಾ ತೆವಳಿ ಬಂದು ರೀಲಿನ ಮೇಲೆ ಕೈಯಿಟ್ಟ. ಬೀಸಿದ ಕೊಡಲಿ ನಿಲ್ಲಲಿಲ್ಲ.

ಬಲಗೈಯ ಎರಡು ಬೆರಳು. ಆಳು ಕೊಡಲಿ ಎಸೆದು ಅಲ್ಲೇ ಕುಸಿದು ಅತ್ತ. ರಕ್ತ ಮೆತ್ತಿದ ರೀಲನ್ನು ಏಜೆಂಟ ತಾನೇ ಕಡಿದು ಮುಗಿಸಿದ.

ಕಾಕಾ ಆಸ್ಪತ್ರೆಯಿಂದ ಸೀದಾ ಹಳಿಯಾಳಕ್ಕೆ ಹೋದನೆಂದರು. ನಾನು ಹೋಗಿ ನೋಡಲಿಲ್ಲ. ಹೋದ ತಿಂಗಳು ತೀರಿಕೊಂಡನಂತೆ...

ತಂಗಿಯ ಉಗುರು ಒಣಗುವಷ್ಟರಲ್ಲಿ ಆ ದಿನದ ಪುಟ ತೆಗೆದೆ. ಚಿತ್ರ ಏಳು, ರೀಲು ಎಂಬತ್ತಾರು, ಉಳಿದದ್ದು ಇಲ್ಲ. ಲೆಕ್ಕ ಸರಿ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಬೆರಳುಗಳನ್ನು ಎಲ್ಲೂ ಬರೆದಿಲ್ಲ.