ದೊಡ್ಡಪ್ಪನ ಎಮ್ಮೆ, ಅಜ್ಜಿಯ ಅಂಗೈ

ಇಂದು ಸೋಮವಾರ. ಹೆಸರಾಂತ ಚಿತ್ರಕಾರರಾಗಿದ್ದ ನನ್ನ ದೊಡ್ಡಪ್ಪನ ಚಿತ್ರದ ಬಗ್ಗೆ ಗ್ಯಾಲರಿಯವರು ಕೇಳಿದ ಪ್ರಶ್ನೆಗೆ ಉತ್ತರಿಸಲು ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಚಿತ್ರದ ಪೆಟ್ಟಿಗೆ ತೆರೆದಾಗ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ವಾಸನೆ ಬಂದಿತು. ವರ್ಷಗಳ ಹಿಂದೆ ನಮ್ಮೂರು ಕೊಪ್ಪದ ಕೊಟ್ಟಿಗೆಯಲ್ಲಿ ದೊಡ್ಡಪ್ಪ ಇದನ್ನು ಬರೆದಿದ್ದರು: ಆಳೆತ್ತರದ ಕ್ಯಾನ್ವಾಸಿನ ತುಂಬ ಕಪ್ಪು, ಮೂಲೆಯಲ್ಲೊಂದು ಕೊಂಬು. ಅಂದು ಅಲ್ಲೇ ಬೆರಣಿ ತಟ್ಟುತ್ತಿದ್ದ ಅಜ್ಜಿ ಎದ್ದು ಬಂದರು.

“ಏನ್ಲಾ ಇದು, ಕರೆಂಟು ಓದಾಗ ಬರ್ದ್ಯಾ?”

“ಎಮ್ಮೆ ಕಣವ್ವ.”

“ಬೆನ್ನು ಎಲ್ಲೈತ್ಲಾ?” ಎನ್ನುತ್ತ ಅಜ್ಜಿ ಸಗಣಿಗೈಯನ್ನು ಹಸಿ ಬಣ್ಣದ ಮೇಲೆ ಇಟ್ಟೇಬಿಟ್ಟರು. ಪಕ್ಕದಲ್ಲಿದ್ದ ನಾನು ಒರೆಸಲು ಚಿಂದಿ ಎತ್ತಿಕೊಂಡೆ.

ದೊಡ್ಡಪ್ಪ ಆ ಗುರುತನ್ನೇ ನೋಡಿದರು. “ಇರ್ಲಿ ಬುಡವ್ವ, ಈಗ ಎಮ್ಮೆ ಆಯ್ತು,” ಎಂದು ಕುಂಚ ತೊಳೆದರು.

ಈಗ ಇಬ್ಬರೂ ಇಲ್ಲ. ಕಲಾ ಇತಿಹಾಸದ ತರಗತಿಯಲ್ಲಿ ಮೊದಲಿಗಳಾದ ನನ್ನ ಪಾಲಿಗೆ ಚಿತ್ರ ಬಂದಿದೆ, ಅಳು ಬಂದಿಲ್ಲ. ಪ್ರದರ್ಶನಕ್ಕೆ ಮೊದಲು ಆ ಸಗಣಿಯ ಗುರುತನ್ನು ಅಳಿಸಬಹುದೇ ಎಂದು ಗ್ಯಾಲರಿಯವರು ಕೇಳಿದ್ದಾರೆ.

ಅಳಿಸುವಂತಿಲ್ಲ.