ಕೂಗಬೇಡ ಅಂದಿದ್ದು ನಾನೇ

ತಂಗಿಯ ಗಂಡ ಮಸ್ಕತ್ತಿನಲ್ಲಿದ್ದ. ತಂಗಿ ಮತ್ತು ಏಳು ವರ್ಷದ ಮಗಳು ಹೆಬಳೆಯಲ್ಲಿ ನಮ್ಮ ಮನೆಯಲ್ಲಿದ್ದರು. ಮೂರು ವರ್ಷದಿಂದ ಆ ಸಂಸಾರ ನಡೆದದ್ದು ಫೋನಿನಲ್ಲೇ. ಮಸ್ಕತ್ತಿನ ಒಂದು ಇಂಟರ್‌ನ್ಯಾಷನಲ್ ಶಾಲೆಯ ಎರಡನೇ ತರಗತಿಯಲ್ಲಿ ಒಂದೇ ಒಂದು ಸೀಟು ಖಾಲಿಯಾಗಿದೆ, ಅದು ಸಿಕ್ಕರೆ ಇಬ್ಬರೂ ಹೊರಡಿ ಎಂದು ಅವಳ ಗಂಡ ಹೇಳಿದ. ಸಿಗದಿದ್ದರೆ ಇನ್ನೊಂದು ವರ್ಷ ಫೋನು.

ಮನೆಯಲ್ಲಿ ಕಾಲೇಜು ಮುಗಿಸಿದವಳು, ಸಾಲದ್ದಕ್ಕೆ ಟ್ಯೂಷನ್ ಹೇಳುವವಳು ನಾನು. ಹಾಗಾಗಿ ಅರ್ಜಿ ನನ್ನ ಪಾಲಿಗೆ ಬಂತು. ಮಗು ಹುಟ್ಟಿದ್ದು ಕುಮಟೆಯಲ್ಲಿ, ಜನನ ಪತ್ರಕ್ಕೆ ಅಲ್ಲಿಗೆ ಹೋದೆ. ಅದನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಮುದ್ರೆ ಹಾಕಿಸಲು ಹೊನ್ನಾವರದಲ್ಲಿ ಇಳಿದೆ. ಇದೆಲ್ಲ ಸುಲಭವೇ. ಕಷ್ಟವಾದದ್ದು ‘ಮಗುವಿನ ವಿಶೇಷ ಆಸಕ್ತಿಗಳು’ ಎಂಬ ಕಾಲಂ.

“ಎಂತ ಬರಿಲೇ?” ಎಂದು ತಂಗಿಯನ್ನು ಕೇಳಿದೆ.

“ಅದ್ಕೆ ಎಂತ ಆಸಕ್ತಿ ಮಾರಾಯ್ತಿ! ನಾ ಮೀನು ಕೊಯ್ಯೂಕೆ ಕೂತ್ರೆ ಎದುರು ಬಂದು ಕೂತ್ಕಂತದೆ. ಅಷ್ಟೇ.”

‘ಸಮುದ್ರಜೀವಿಗಳ ವೀಕ್ಷಣೆ’ ಎಂದು ಬರೆದೆ. ಸುಳ್ಳೇನಲ್ಲ.

ಮುಂದಿನ ಹಂತ ವಿಡಿಯೋ ಸಂದರ್ಶನ. ಮಗು ಒಬ್ಬಳೇ ಕೂರಬೇಕು, ದೊಡ್ಡವರ ದನಿ ಕೇಳಿದರೆ ಹೇಳಿಕೊಟ್ಟಂತೆ ಎಂದು ತಿಳಿಯುತ್ತೇವೆ ಎಂದು ಅವರ ಮೇಲ್ ಎಚ್ಚರಿಸಿತ್ತು. ‘ಸ್ಥಳ ಶಾಂತವೂ ಸುರಕ್ಷಿತವೂ ಆಗಿದೆಯೇ?’ ಎಂಬಲ್ಲಿ ಹೌದು ಎಂದು ಗುರುತು ಹಾಕಿದವಳೂ ನಾನೇ. ಆಪತ್ಕಾಲದಲ್ಲಿ ಸಂಪರ್ಕಿಸಬೇಕಾದ ಜವಾಬ್ದಾರಿಯುತ ವ್ಯಕ್ತಿಯ ಜಾಗದಲ್ಲಿ ಬರೆದದ್ದೂ ನನ್ನ ಹೆಸರನ್ನೇ.

ಸಂದರ್ಶನದ ದಿನ ಬೆಳಿಗ್ಗೆ ಎರಡು ಸಂಗತಿ ಒಟ್ಟಿಗೇ ಆದವು. ಕರೆಂಟು ಹೋಯಿತು. ತೆಂಗಿನಕಾಯಿ ಕೊಯ್ಯುವವನು ಬಂದ. ಕರೆಂಟಿಲ್ಲದೆ ಮನೆಯೊಳಗೆ ಇಂಟರ್‌ನೆಟ್ಟಿಲ್ಲ; ಮೊಬೈಲಿನ ಸಿಗ್ನಲ್ ಸರಿಯಾಗಿ ಬರುವುದು ಹಿತ್ತಲ ಬಾವಿಕಟ್ಟೆಯ ಬಳಿ ಮಾತ್ರ. ಇನ್ನು ಕಾಯಿ ಕೊಯ್ಯುವವನನ್ನು ನಾಳೆ ಬಾ ಎಂದು ಕಳಿಸಲು ನಮ್ಮ ಕಡೆ ಯಾರಿಗೂ ಧೈರ್ಯ ಬರುವುದಿಲ್ಲ. ಅವನ ನಾಳೆ ಎಂದರೆ ಮೂರು ತಿಂಗಳು.

“ಅಕ್ಕೋರೆ, ನೀವು ನಿಮ್ಮ ಪರೀಕ್ಷೆ ಮಾಡಿ, ನಾ ಆಚೆ ಬದಿಯಿಂದ ಕೊಯ್ಕಂಡು ಬತ್ತೆ” ಎಂದ.

“ಬಾವಿ ಹತ್ರದ ಮರ ಕಡೇಗೆ ಇಟ್ಕೊ. ಅರ್ಧ ತಾಸಿನ ಕೆಲ್ಸ. ಮತ್ತೆ, ಹೋಯ್ ಅಂತ ಕೂಗ್ಬೇಡ ಮಾರಾಯ, ಅವ್ರಿಗೆ ಕೇಳ್ತದೆ.”

“ಕೂಗ್ದೆ ಕಾಯಿ ಬೀಳ್ಸೂದಾ?”

“ಇವತ್ತೊಂದಿನ.”

“ಆತು” ಎಂದ. ಮರ ಹತ್ತಲು ಕಲಿತಾಗಿನಿಂದ, ಕೆಳಗಿದ್ದವರು ಸರಿಯಲಿ ಎಂದು ಪ್ರತಿ ಗೊನೆಗೂ ಕೂಗಿಕೊಂಡು ಬಂದ ಮನುಷ್ಯ, ನನ್ನ ಮಾತಿಗೆ ಬಾಯಿ ಮುಚ್ಚಿಕೊಂಡ.

ಬಿಸಿಲಿಗೆ ಲ್ಯಾಪ್‌ಟಾಪಿನ ಪರದೆ ಕಾಣದೆಂದು, ಬಾವಿಯಾಚೆಯಿಂದ ಈಚೆಗೆ ವಾಲಿದ ತೆಂಗಿನ ಮರದ ನೆರಳಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಬಾವಿಕಟ್ಟೆಯ ಮೇಲೆ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಕಲ್ಲು ತಗ್ಗಾದ್ದರಿಂದ ಪರದೆಯನ್ನು ಮೇಲಕ್ಕೆ ವಾಲಿಸಬೇಕಾಯಿತು. “ಏನೇ ಆದ್ರೂ ನನ್ನ ಮುಖ ನೋಡ್ಬೇಡ” ಎಂದು ಹುಡುಗಿಗೆ ಹತ್ತು ಸಲ ಹೇಳಿ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತೆ. ತಂಗಿಯನ್ನು ಒಳಗೇ ಕೂರಿಸಿದ್ದೆ, ಅವಳಿಗೆ ಮಗಳ ಉತ್ತರವನ್ನು ತುಟಿಯಲ್ಲೇ ಹೇಳುವ ಚಾಳಿ.

ಅಲ್ಲಿನ ಟೀಚರು ಬಂದದ್ದೇ ಇಪ್ಪತ್ತು ನಿಮಿಷ ತಡವಾಗಿ. ನಗುಮುಖದವರು. ಇಂಗ್ಲಿಷಿನಲ್ಲಿ ಮಾತು ಶುರುವಾಯಿತು.

“ನಿನಗೆ ಸಮುದ್ರಜೀವಿಗಳೆಂದರೆ ಇಷ್ಟವಂತೆ?”

“ಹೌದು ಮಿಸ್. ಅಮ್ಮ ಬಂಗಡೆ ಮೀನು ಕೊಯ್ಯುವಾಗ ಬೆಕ್ಕು ಓಡಿಸುವುದು ನನ್ನ ಕೆಲಸ.”

ಟೀಚರು ನಕ್ಕರು. ಹೋಯಿತು ಸೀಟು ಎಂದುಕೊಂಡೆ. ಅಷ್ಟರಲ್ಲಿ ಕಣ್ಣು ಯಾಕೋ ಮೇಲೆ ಹೋಯಿತು. ಹುಡುಗಿಯ ತಲೆಯ ನೇರಕ್ಕೆ, ಆ ಮರದ ತುದಿಯಲ್ಲಿ, ಎರಡು ಹಿಮ್ಮಡಿ.

ಅವನ ತಪ್ಪಿಲ್ಲ. ನಾನು ಹೇಳಿದ ಅರ್ಧ ತಾಸು ಮುಗಿದಿತ್ತು. ಉಳಿದದ್ದು ಅದೊಂದೇ ಮರ. ಬಾವಿಕಟ್ಟೆಯ ಆಚೆ ಮರೆಯಿಂದ ಹತ್ತಿದವನು ಹುಡುಗಿಯನ್ನು ನೋಡಿರಲಿಲ್ಲ, ಅವಳನ್ನೇ ನೋಡುತ್ತಿದ್ದ ನಾನು ಅವನನ್ನು ನೋಡಿರಲಿಲ್ಲ. ಗರಿಗಳ ನಡುವಿಂದ ಅವನಿಗೆ ಕೆಳಗಿನದು ಕಾಣುವುದಿಲ್ಲ. ಕೂಗಬೇಡ ಎಂದದ್ದನ್ನು ನಾನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ನಾನು ಕೂಗಲಿಲ್ಲ. ಒಂದೆರಡು ಉಸಿರಿನಷ್ಟು ಹೊತ್ತು, ಕೂಗಿದರೆ ಸೀಟು ಹೋಗುತ್ತದೆ ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಎರಡೂ ಕೈ ಬೀಸಿದೆ. ಹುಡುಗಿ ಓರೆಗಣ್ಣಿನಲ್ಲಿ ನೋಡಿದಳು. ನೋಡಬೇಡ ಎಂದು ಹೇಳಿದ್ದು ನೆನಪಾಗಿ ಮುಖ ತಿರುಗಿಸಿದಳು. ಆವತ್ತು ನನ್ನ ಮಾತನ್ನು ಎಲ್ಲರೂ ಕೇಳುತ್ತಿದ್ದರು!

“ಈಗ ನಿನಗೆ ಪರದೆಯಲ್ಲಿ ಏನೇನು ಕಾಣುತ್ತದೆ ಹೇಳು” ಎಂದರು ಟೀಚರು.

“ನೀವು ಕಾಣ್ತೀರಿ. ಮೂಲೆಯ ಚಿಕ್ಕ ಚೌಕದಲ್ಲಿ ನಾನು. ನನ್ನ ತಲೆ ಮೇಲೆ ಎರಡು ಕಾಲು.” ಕತ್ತೆತ್ತಿ ಮೇಲೆ ನೋಡಿದಳು. “ಎಕ್ಸ್‌ಕ್ಯೂಸ್ ಮಿ, ಮಿಸ್” ಎಂದವಳೇ ಲ್ಯಾಪ್‌ಟಾಪ್ ಎತ್ತಿ ಎದೆಗವಚಿಕೊಂಡು ಬಚ್ಚಲ ಗೋಡೆಯ ಕಡೆ ಓಡಿದಳು.

ಗೊನೆ ಕುರ್ಚಿಯ ಮೇಲೇ ಬಿತ್ತು. ಕುರ್ಚಿಗೆ ಕಾಲುಗಳೇ ಉಳಿಯಲಿಲ್ಲ. ಹುಡುಗಿ ಬಚ್ಚಲ ಕಟ್ಟೆಯ ಮೇಲೆ ಕೂತು, “ಸಾರಿ ಮಿಸ್, ಕಾಯಿ ಬಿತ್ತು” ಎಂದು ಅವರಿಗೆ ವಿವರಿಸುತ್ತಿದ್ದಳು. ನಾನು ಬೀಸಿದ ಕೈ ಇಳಿಸದೆ ಬಾಗಿಲ ಹೊಸಿಲಲ್ಲೇ ನಿಂತಿದ್ದೆ. ಸದ್ದು ಕೇಳಿ ಬಂದ ತಂಗಿ ಮೊದಲು ಕುರ್ಚಿ ನೋಡಿದಳು, ಆಮೇಲೆ ನನ್ನನ್ನು. ಮರದ ಮೇಲಿಂದ ಮೆಲುದನಿ ಬಂತು: “ಅಕ್ಕೋರೆ, ಮುಗೀತಾ?”

ಸಂಜೆ ಶಾಲೆಯಿಂದ ಮೇಲ್. ಮಗುವಿನ ಜೊತೆಗಿದ್ದ ದೊಡ್ಡವರು ನಡೆದದ್ದನ್ನು ಬರೆದು ಕಳಿಸಬೇಕು, ಆಮೇಲೆ ತೀರ್ಮಾನ. ಗಾಳಿಗೆ ಬಿತ್ತು ಎಂದು ಬರೆಯುವುದು ಬಹಳ ಸುಲಭವಿತ್ತು. ಮೀನು ಕೊಯ್ಯುವುದನ್ನು ಸಮುದ್ರಜೀವಿಗಳ ವೀಕ್ಷಣೆ ಮಾಡಿದವಳಿಗೆ ಅದೇನು ಮಹಾ!

“ಎಂತ ಬರ್ದೆ?” ತಂಗಿ ಕೇಳಿದಳು.

“ಆದದ್ದೇ ಬರ್ದೆ.”

“ಕೂಗ್ಬೇಡ ಅಂದದ್ದು?”

“ಅದನ್ನೂ.”

“ಇನ್ನು ಸೀಟು ಕೊಡ್ತ್ರಾ ಅವ್ರು! ನಿನ್ನ ಸತ್ಯ ಇವತ್ತೇ ಬರ್ಬೇಕಿತ್ತಾ?” ಎಂದವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ಸೀಟಿನ ಸಿಟ್ಟೋ ಕುರ್ಚಿಯ ಸಿಟ್ಟೋ ಕೇಳುವ ಧೈರ್ಯ ನನಗಾಗಲಿಲ್ಲ.

ಮೂರನೇ ದಿನ ಸೀಟು ಬಂತು. ಮಗುವಿನ ಗಮನಶಕ್ತಿಯನ್ನು ಹೊಗಳಿದ್ದರು. ಕೆಳಗೆ ಇನ್ನೊಂದು ಸಾಲಿತ್ತು: ಆಪತ್ಕಾಲದ ಸಂಪರ್ಕಕ್ಕೆ ದಯವಿಟ್ಟು ಬೇರೊಬ್ಬರ ಹೆಸರು ಕೊಡಿ. ತಂಗಿ ಅದನ್ನು ಗಟ್ಟಿಯಾಗಿ ಎರಡು ಸಲ ಓದಿಸಿಕೊಂಡು, ಆಮೇಲೆ ನಕ್ಕಳು.

“ಕಾಯಿ ಕೊಯ್ಯೂ ಮಾಮನ ಹೆಸ್ರು ಬರಿ ದೊಡ್ಡಮ್ಮ, ಅವ್ರು ಹೇಳಿದ್ ಮಾತು ಕೇಳ್ತ್ರು” ಎಂದಳು ಹುಡುಗಿ.

ತಂಗಿ, ಮಗಳು ಮಸ್ಕತ್ತಿಗೆ ಹೋದ ಮೇಲೆ ಕಾಯಿ ಕೊಯ್ಯುವವನು ಮತ್ತೆ ಬಂದ. ಕಾಲಿಗೆ ಹಗ್ಗ ಸಿಕ್ಕಿಸಿಕೊಂಡು, ಮರದ ಬುಡದಲ್ಲಿ ನಿಂತು, ತೀರಾ ವಿನಯದಿಂದ ಕೇಳಿದ:

“ಅಕ್ಕೋರೆ, ಇವತ್ತು ಕೂಗ್ಲಾ, ಬ್ಯಾಡ್ವಾ?”

“ಕೂಗು ಮಾರಾಯ. ಮಸ್ಕತ್ತಿಗೆ ಕೇಳೂ ಹಾಂಗೆ ಕೂಗು.”

ಕೂಗಿದ. ನಾನು ಒಳಗೆ ತಾರಸಿಯ ಕೆಳಗೆ ಅಕ್ಕಿ ಆರಿಸುತ್ತಿದ್ದೆ. ಆದರೂ ಪ್ರತಿ ಕೂಗಿಗೂ ಕೈ ತಾನಾಗಿ ತಲೆಯ ಮೇಲೆ ಹೋಗುತ್ತಿತ್ತು.