ಇನ್‌ಕ್ಯುಬೇಟರ್‌ಗೂ ಆಯುಧ ಪೂಜೆ

ನಾನು ಹುಟ್ಟಾ ಪುಕ್ಕಲಿ. ಜಿರಳೆಗೂ ಹೆದರುತ್ತೇನೆ, ಮೇಲಿನವರು ಕೆಮ್ಮಿದರೂ ಹೆದರುತ್ತೇನೆ. ಇಂಥವಳಿಗೆ ಜೆ.ಪಿ. ನಗರದ ಪುಟ್ಟ ಲ್ಯಾಬೊಂದರಲ್ಲಿ ಮನುಷ್ಯರ ಜೀವಕೋಶ ಸಾಕುವ ಕೆಲಸ ಸಿಕ್ಕಿತ್ತು.

ನರದ ಎಳೆಗೆ ಸುತ್ತಿಕೊಂಡು ಅದನ್ನು ಕಾಯುವ, ಪೆಟ್ಟಾದರೆ ಮತ್ತೆ ಬೆಳೆಯಲು ದಾರಿ ಮಾಡಿಕೊಡುವ ಕೋಶಗಳು ಅವು. ಆ ಸಲದವು ಬಂದದ್ದು ಒಬ್ಬ ಆಟೋ ಚಾಲಕರ ಕಾಲಿನಿಂದ. ಅಪಘಾತದಲ್ಲಿ ನಜ್ಜುಗುಜ್ಜಾದ ಕಾಲನ್ನು ತೆಗೆಯಲೇಬೇಕಾಗಿತ್ತು. ಅದಕ್ಕೆ ಮುಂಚೆ ಒಪ್ಪಿಗೆ ಪತ್ರ ಹಿಡಿದು ಆಸ್ಪತ್ರೆಗೆ ಹೋದವಳು ನಾನೇ. ಅವರು ಪೂರ್ತಿ ಓದಿಸಿಕೊಂಡು, "ಕಾಲಂತೂ ಹೋಯ್ತು ಮೇಡಂ. ಅದ್ರಲ್ಲಿರೋ ನರನಾದ್ರೂ ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ, ತಗೊಳ್ಳಿ" ಎಂದು ಸಹಿ ಹಾಕಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಬೆರಳುದ್ದದ ಆ ನರವನ್ನು ಬಿಡಿಸಿ, ಗುಲಾಬಿ ಬಣ್ಣದ ಪೋಷಕ ದ್ರವ ತುಂಬಿದ ನಾಲ್ಕು ಫ್ಲಾಸ್ಕುಗಳಲ್ಲಿ ಬೆಳೆಸಿದೆವು. ಇನ್‌ಕ್ಯುಬೇಟರ್ ಅವನ್ನು ನಮ್ಮ ಮೈಯಷ್ಟೇ ಬೆಚ್ಚಗೆ ಇಡುತ್ತಿತ್ತು. ಮೂರನೇ ವಾರಕ್ಕೆ ಉದ್ದನೆಯ ಕೋಶಗಳು ಮಗ್ಗಕ್ಕೆ ಹಾಸಿದ ಎಳೆಗಳ ಹಾಗೆ ಸಾಲುಗಟ್ಟಿದವು. ಹಿಂದಿನ ಎರಡು ನರಗಳು ಬೂಷ್ಟು ಹಿಡಿದು ಹಾಳಾಗಿದ್ದವು. ಕೈಗೆ ಹತ್ತಿದ್ದು ಇದೊಂದೇ. ಒಂದು ಪಾಲನ್ನು ಫ್ರೀಜ್ ಮಾಡಿ ಎತ್ತಿಡಬೇಕಿತ್ತು. ಹಬ್ಬ ಮುಗಿಯಲಿ ಎಂದು ಬಿಟ್ಟಿದ್ದೆವು.

ಆಯುಧ ಪೂಜೆಯ ಬೆಳಿಗ್ಗೆ ಮೈಕ್ರೋಸ್ಕೋಪಿಗೂ ಇನ್‌ಕ್ಯುಬೇಟರಿಗೂ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟೆವು. ಲ್ಯಾಬಿನ ಮುಖ್ಯಸ್ಥೆ ಮಂಗಳಾರತಿ ಮಾಡಿ, ಕಡ್ಲೆಪುರಿ ಹಂಚಿ ಹೊರಟರು. ಬೀಗ ಹಾಕುವುದು ನನ್ನ ಪಾಲಿಗೆ ಬಂತು. ನಮ್ಮಪ್ಪನದು ಚಿಕ್ಕಲಸಂದ್ರದಲ್ಲಿ ಹಿಟ್ಟಿನ ಗಿರಣಿ. ಪೂಜೆಯಾದ ಮೇಲೆ ಅಲ್ಲಿ ಯಂತ್ರಗಳಿಗೆ ಅವತ್ತೆಲ್ಲ ವಿಶ್ರಾಂತಿ, ಸ್ವಿಚ್ ಆರಿಸುವುದು ಚಿಕ್ಕಂದಿನಿಂದ ನನ್ನ ಕೆಲಸ. ಇಲ್ಲೂ ಕೈ ತಾನಾಗಿ ಗೋಡೆಗೆ ಹೋಯಿತು. ಒಂದೊಂದೇ ಸ್ವಿಚ್ ಆರಿಸಿ, ಕೈಮುಗಿದು ಬಂದೆ.

ಇಟ್ಟಮಡುವಿನ ಮನೆಯಲ್ಲಿ ಮಧ್ಯಾಹ್ನ ಒಬ್ಬಟ್ಟು ತಿನ್ನುತ್ತಿದ್ದಾಗ ತಂಗಿ ರೇಗಿಸಿದಳು.

"ಮಿಕ್ಸಿಗೆ ರೆಸ್ಟು, ವಾಷಿಂಗ್ ಮಷೀನಿಗೆ ರೆಸ್ಟು. ಪಾಪ, ಫ್ರಿಜ್ ಮಾತ್ರ ದುಡೀಬೇಕಾ?"

"ಲೇ, ಫ್ರಿಜ್ ಆಫ್ ಮಾಡಿದ್ರೆ ಒಳಗಿರೋದೆಲ್ಲ..."

ಇನ್‌ಕ್ಯುಬೇಟರಿನ ಸ್ವಿಚ್ಚನ್ನೂ ಆರಿಸಿ ಬಂದಿದ್ದೆ. ಎಂಜಲು ಕೈಯಲ್ಲೇ ಸ್ಕೂಟರಿನ ಕೀ ಹುಡುಕಿದೆ.

ಸಾರಕ್ಕಿ ಸಿಗ್ನಲ್ಲಿನಲ್ಲಿ ಒಡೆದ ಕುಂಬಳಕಾಯಿಗಳ ಮೇಲೆ ಚಕ್ರ ಜಾರಿ ಬೀಳುವುದರಲ್ಲಿದ್ದೆ. ಬಿದ್ದು ಆಸ್ಪತ್ರೆ ಸೇರಿದರೆ ಯಾರೂ ಬೈಯುವುದಿಲ್ಲ ಎಂದೂ ಒಂದು ಕ್ಷಣ ಅನಿಸಿತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಬೀಗ ತೆಗೆದು ಒಳಗೆ ಓಡಿದೆ. ನಾಲ್ಕು ಗಂಟೆ ಕಾಲ ಆರಿದ್ದ ಇನ್‌ಕ್ಯುಬೇಟರ್ ಸ್ವಿಚ್ ಹಾಕಿದಾಗ ಇಪ್ಪತ್ತೆಂಟು ಡಿಗ್ರಿ ತೋರಿಸಿತು. ಮೂವತ್ತೇಳಿರಬೇಕಿತ್ತು. ಕೋಶ ಸತ್ತರೂ ಕೂಡಲೇ ಗೊತ್ತಾಗುವುದಿಲ್ಲ, ತಳದಿಂದ ಕಿತ್ತು ತೇಲಲು ಹೊತ್ತು ಬೇಕು. ಗೊತ್ತಿರುವ ದೇವರಿಗೆಲ್ಲ ಹರಕೆ ಹೊತ್ತೆ.

ಮರುದಿನ ಬೆಳಿಗ್ಗೆ ನೋಡಿದರೆ ಒಂದೂ ತೇಲಿರಲಿಲ್ಲ. ನಾಲ್ಕೂ ಫ್ಲಾಸ್ಕುಗಳಲ್ಲಿ ಸಾಲು ಹಾಗೇ ಇತ್ತು. ಒಬ್ಬಳೇ ಕೂತು ನಕ್ಕೆ, ಅತ್ತೆ. ಆಮೇಲೆ ಇನ್ನೊಂದು ಹೆದರಿಕೆ ಶುರುವಾಯಿತು. ಆ ಹಳೇ ಪೆಟ್ಟಿಗೆಗೆ ತಾನು ಆರಿದ್ದನ್ನು ಬರೆದಿಟ್ಟುಕೊಳ್ಳುವ ಬುದ್ಧಿ ಇರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಕೆಲಸ ಹೋದೀತು. ಆದರೆ ಈ ಕೋಶಗಳ ಮೇಲೆ ಒಂದು ಔಷಧದ ಪರೀಕ್ಷೆ ನಡೆಯಬೇಕಿತ್ತು. ಒಮ್ಮೆ ತಣ್ಣಗಾದ ಕೋಶ ಬೇರೆ ಥರ ವರ್ತಿಸಬಹುದು. ನನ್ನಿಂದ ಪರೀಕ್ಷೆಯ ಫಲಿತಾಂಶ ತಪ್ಪಿ, ನಾಳೆ ಆ ಔಷಧ ಯಾರದೋ ಕಾಲಿಗೆ ಹೋದರೆ? ಆ ಹೆದರಿಕೆಯೇ ದೊಡ್ಡದಾಯಿತು. ಮುಖ್ಯಸ್ಥೆಗೆ ಫೋನ್ ಮಾಡಿದೆ.

ಅವರು ಬೈಯಲಿಲ್ಲ. ಎಷ್ಟು ಹೊತ್ತು ಆರಿತ್ತು ಎಂದು ಕೇಳಿಕೊಂಡು, "ಹೇಳಿದ್ದು ಒಳ್ಳೇದಾಯ್ತು. ಆದ್ರೆ ಇವನ್ನ ಇನ್ನು ನಂಬಕ್ಕಾಗಲ್ಲಮ್ಮ. ಬ್ಲೀಚ್ ಹಾಕಿ ಚೆಲ್ಬಿಡು" ಎಂದರು.

"ಎಲ್ಲಾ ಬದುಕಿವೆ ಮೇಡಂ."

"ಗೊತ್ತು."

ಮೊದಲ ಫ್ಲಾಸ್ಕಿಗೆ ಬ್ಲೀಚ್ ಸುರಿದೆ. ಗುಲಾಬಿ ದ್ರವ ಒಮ್ಮೆ ನೇರಳೆಯಾಗಿ, ಆಮೇಲೆ ನೀರಿನ ಬಣ್ಣಕ್ಕೆ ತಿರುಗಿತು. ಎರಡನೆಯದೂ, ಮೂರನೆಯದೂ ಹಾಗೇ ಆಯಿತು. ನಾಲ್ಕನೆಯದನ್ನು ಇನ್ನೊಮ್ಮೆ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದೆ. ಸಾಲಿನ ಅಂಚಿನಲ್ಲಿ ಒಂದು ಕೋಶ ನಡು ಸಣ್ಣ ಮಾಡಿಕೊಂಡು ಎರಡಾಗುತ್ತಿತ್ತು. ಪೂರ್ತಿ ಎರಡಾಗುವವರೆಗೂ ಕಾದೆ. ಆಮೇಲೆ ಸುರಿದೆ.